ಕೇಳಿದವರಿಗಷ್ಟೇ ಬೀಜದ ಸುದ್ದಿ

ಅವಳ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಜೆರಾಕ್ಸ್ ಮಿಷನ್ನಿಗೆ ತುಂಬುವ ಪುಡಿ ಉಗುರಿನ ಸಂದಿಗಿಳಿದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅದೇ ಬೆರಳಲ್ಲಿ ಮೂಗು ಒರೆಸಿಕೊಂಡು ಅಲ್ಲಿಗೂ ಮಸಿ ಬಳಿದುಕೊಂಡಿರುತ್ತಿದ್ದಳು. ಹೇಳಿದರೆ, "ದೃಷ್ಟಿಬೊಟ್ಟು ಬಿಡಿ ಅಜ್ಜಿ" ಅನ್ನುವಳು. ದೃಷ್ಟಿಯಾಗುವಂಥ ರೂಪವೇನೂ ಇರಲಿಲ್ಲ.

ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವಳ ಅಂಗಡಿ. ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಲು ಹೋದವಳು, ಸಂತೆಗೆ ತಂದಿದ್ದ ಮುಳ್ಳುಬದನೆಯಲ್ಲಿ ನಾಲ್ಕು ಕಾಯಿ ಕೊಟ್ಟು ಬಂದಿದ್ದೆ. ಮುಂದಿನ ಸಲ ಹೋದಾಗ ಹಿಡಿದು ಕೂರಿಸಿದಳು.

"ಇದರ ಬೀಜ ಎಲ್ಲಿ ಸಿಗುತ್ತೆ ಅಜ್ಜಿ?"

ಎಲ್ಲೂ ಸಿಗುವುದಿಲ್ಲ ಅಂದೆ. ನಮ್ಮತ್ತೆ ಕೊಟ್ಟ ಬೀಜ. ಊರವರೆಲ್ಲ ಪ್ಯಾಕೆಟ್ ಬೀಜಕ್ಕೆ ಹೋಗಿ, ನನ್ನ ಹಿತ್ತಲಲ್ಲಿ ಮಾತ್ರ ಉಳಿದಿತ್ತು. ನಾನು ಸತ್ತರೆ ಅದೂ ಹೋಗುತ್ತದೆ ಅನ್ನುವುದು ನನಗೂ ಗೊತ್ತಿತ್ತು.

"ನೀವು ಹೇಳಿ, ನಾನು ಬರೀತೀನಿ. ಬೇರೆಯೋರೂ ಬೆಳೀಲಿ" ಎಂದು ಒಂದು ಬ್ಲಾಗ್ ಮಾಡಿದಳು. ನಾನು ಓದಿದ್ದು ಮೂರನೇ ಕ್ಲಾಸು. ಬ್ಲಾಗ್ ಅಂದರೆ ಯಾರು ಬೇಕಾದರೂ ಓದುವ ಗೋಡೆಬರಹ ಅಂದುಕೊಂಡೆ. ಬಸ್ಸು ಬರುವ ತನಕ ನಾನು ಸಸಿಮಡಿ, ಬೂದಿ, ಕಾಯಿಹುಳ ಅಂತ ಹೇಳುವುದು, ಅವಳು ಟೈಪ್ ಮಾಡುವುದು. ಗಿರಾಕಿ ಬಂದರೆ ಇಬ್ಬರೂ ಬಾಯಿ ಮುಚ್ಚುತ್ತಿದ್ದೆವು.

ಓದಿದವರು ಬೀಜ ಬೇಕು ಅನ್ನುವರು, ಆಮೇಲೆ ಕಾಣೆ. ಕಾಯಿ ಮಾಗಿ ಬೀಜ ಒಣಗುವ ಹೊತ್ತಿಗೆ ಅವರನ್ನು ಎಲ್ಲಿ ಹುಡುಕುವುದು? ಅದಕ್ಕೇ ಅವಳು ಬ್ಲಾಗಿಗೆ ಪ್ಲಗಿನ್ ಅನ್ನುವುದೊಂದನ್ನು ಸೇರಿಸಿದಳು. ಬರಹ ಮುಗಿಯುವ ಕಡೆ ಸಣ್ಣ ಚೌಕ ಬರುತ್ತದೆ. ಬೇಕಾದವರು ಅದರಲ್ಲಿ ತಮ್ಮ ಇ-ಮೇಲ್ ವಿಳಾಸ ತುಂಬುತ್ತಾರೆ. ತುಂಬಿದರೂ ಸಾಲದು. ಅವರಿಗೊಂದು ಮೇಲ್ ಹೋಗಿ, ಹೌದು ಎಂದು ಅಲ್ಲಿ ಒತ್ತಿದರೆ ಮಾತ್ರ ಪಟ್ಟಿಗೆ ಸೇರುವುದು.

"ವಿಳಾಸ ಕೊಟ್ಟೋರನ್ನ ಮತ್ತೆ ಕೇಳೋದ್ಯಾಕೆ? ಬೀಗರ ಉಪಚಾರನಾ ಇದು?" ಅಂದೆ.

"ಯಾರದೋ ವಿಳಾಸ ಯಾರೋ ತುಂಬಿರ್ತಾರೆ ಅಜ್ಜಿ. ಅವರೇ ಹೂಂ ಅನ್ಬೇಕು."

"ಹಂಗಾದ್ರೆ ಆ ಚೌಕನ ಮೊದ್ಲೇ ಎದುರಿಗೆ ಇಡೇ. ಕಡೇಗಂಟ ಯಾರು ಓದ್ತಾರೆ?"

"ಮನೆಗೆ ಬಂದೋರಿಗೆ ನೀರು ಕೊಡದೆ ಯಾವೂರು ಅಂತ ಕೇಳ್ತೀರಾ ನೀವು?"

ಕೇಳುತ್ತೇನೆ ಅಂದೆ. ನಿಜಕ್ಕೂ ಕೇಳುತ್ತೇನೆ. ಅವಳು ನಕ್ಕಳೇ ಹೊರತು ಚೌಕವನ್ನು ಕದಲಿಸಲಿಲ್ಲ.

ಪಟ್ಟಿ ಆಮೆಯ ಹಾಗೆ ತೆವಳಿತು. ಸೇರಿದವರಿಗೆ ಬೀಜದ ಪೊಟ್ಟಣ ಕಟ್ಟಿ ಅಂಚೆಗೆ ಹಾಕಿದೆವು. ಎಲ್ಲರನ್ನೂ ಕೂಡಿಸಿದರೂ ಒಂದು ಬಸ್ಸು ತುಂಬುತ್ತಿರಲಿಲ್ಲ. ಆದರೆ ಪಹಣಿ, ಮಾರ್ಕ್ಸ್ ಕಾರ್ಡ್, ಲಗ್ನಪತ್ರಿಕೆ ಅಂತ ಪ್ರಿಂಟ್ ತೆಗೆಸಲು ಸುತ್ತಲ ಜನವೆಲ್ಲ ಅವಳ ಅಂಗಡಿಗೆ ಮೇಲ್ ಮಾಡುತ್ತಿದ್ದರು. ಅಷ್ಟೂ ಜನರ ವಿಳಾಸ ಅವಳ ಕಂಪ್ಯೂಟರಿನಲ್ಲೇ ಬಿದ್ದಿತ್ತು.

"ಅವರನ್ನೆಲ್ಲ ಸೇರಿಸ್ಬಿಡೇ, ಮುಗೀತಲ್ಲ" ಅಂದೆ.

"ಅವರು ಕಳಿಸಿರೋದು ಪ್ರಿಂಟಿಗೆ ಅಜ್ಜಿ. ಬದನೆಕಾಯಿಗಲ್ಲ."

"ಊರೋರ ಅರ್ಜಿ ಎಲ್ಲಾ ಹೊಟ್ಟೇಲಿ ಇಟ್ಕೊಂಡಿದೀಯ. ಒಂದು ಬೀಜದ ಸುದ್ದಿ ಕಳಿಸೋಕೆ ನಿನಗೇನೇ ಬಂದಿರೋದು?"

"ನಂಬಿ ಕಳಿಸಿರ್ತಾರೆ. ನನ್ನ ಕೈಲಾಗಲ್ಲ."

"ಹಂಗಾದ್ರೆ ನಿನ್ನ ಮಿಷನ್ ನೀನೇ ಇಟ್ಕೊ" ಅಂದು ಎದ್ದು ಬಂದೆ. ಆಮೇಲೆ ಜೆರಾಕ್ಸ್ ಬೇಕಾದರೆ ಕಡೂರಿಗೆ ಹೋದಾಗ ಅಲ್ಲೇ ಮಾಡಿಸಿಕೊಂಡು ಬರುತ್ತಿದ್ದೆ.

ಆ ವರ್ಷ ಇದ್ದ ಬೀಜವನ್ನೆಲ್ಲ ಒಂದೇ ಮಡಿಗೆ ಚೆಲ್ಲಿದೆ. ಮಳೆ ಬಿಡದೆ ಹಿಡಿಯಿತು. ಸಸಿ ಬುಡ ಕೊಳೆತು ಮಲಗಿದವು. ಬೂದಿ ಬೆರೆಸಿ ಬೀಜ ಇಡುತ್ತಿದ್ದ ಮಡಕೆಯ ತಳ ಕೆರೆದು ನೋಡಿದೆ, ಬೂದಿ ಬಿಟ್ಟರೆ ಏನೂ ಇರಲಿಲ್ಲ. ಅವಳ ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ, ಹೋದೆ.

"ಬೀಜ ಹೋಯ್ತು ಕಣೇ."

ಯಾಕೆ ಇಷ್ಟು ದಿನ ಬರಲಿಲ್ಲ ಅನ್ನಲಿಲ್ಲ. ಸ್ಟೂಲು ಎಳೆದು, "ಏನಂತ ಬರೀಲಿ ಹೇಳಿ" ಅಂದಳು. ಅಜ್ಜಿಯ ಬದನೆ ಬೀಜ ಹೋಗಿದೆ, ಇದ್ದವರು ತಿಳಿಸಿ, ಅಷ್ಟೇ. ಪಟ್ಟಿಯಲ್ಲಿದ್ದವರಿಗೆ ಮಾತ್ರ ಕಳಿಸಿದಳು. ನಾನೂ ಹೆಚ್ಚು ಕೇಳಲಿಲ್ಲ.

ಒಂದು ವಾರದೊಳಗೆ ಹಿಂದೆ ನಮ್ಮಿಂದ ಬೀಜ ತರಿಸಿಕೊಂಡಿದ್ದ ತರೀಕೆರೆ ಕಡೆಯ ಒಬ್ಬ ಹೆಣ್ಣುಮಗಳು ಬಸ್ಸಲ್ಲಿ ಬಂದು ಅಂಗಡಿಯಲ್ಲೇ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಗಂಟು, ಅದರಲ್ಲಿ ಒಂದು ಹಿಡಿ ಬೀಜ.

"ಅಂಚೆಗೆ ಹಾಕಿದ್ರೆ ಆಗ್ತಿರ್ಲಿಲ್ವೇನಮ್ಮ?" ಅಂದೆ.

"ಕಳೆದುಹೋದ್ರೆ? ನಿಮ್ಮ ಮೇಲ್ ಸುಮ್ಸುಮ್ನೆ ಬರಲ್ಲ. ಬಂತು ಅಂದ್ರೆ ಏನೋ ಇದೆ ಅಂತ ಆವತ್ತೇ ಹೊರಡೋಣ ಅಂದ್ಕೊಂಡೆ."

ಅಂಗಡಿಯವಳ ಮುಖ ನೋಡಿದೆ. ನಾನು ಹೇಳಿರಲಿಲ್ಲವೇ ಅನ್ನುತ್ತಾಳೆ ಅಂದುಕೊಂಡರೆ, "ಈ ಸಲ ಅರ್ಧ ಎತ್ತಿಟ್ಟು ಬಿತ್ತಿ ಅಜ್ಜಿ" ಅಂದು ಮಿಷನ್ನಿಗೆ ಪೇಪರ್ ತುಂಬಲು ಎದ್ದಳು.

ಮಾರನೇ ವರ್ಷ ಅವಳಿಗೆ ಕಿಡ್ನಿ ಕೈಕೊಟ್ಟಿತು. ಶಿವಮೊಗ್ಗದ ಆಸ್ಪತ್ರೆಗೆ ಓಡಾಡುತ್ತಲೇ ನನ್ನ ಸೊಸೆಯನ್ನು ಕೂರಿಸಿಕೊಂಡು ಬ್ಲಾಗಿನ ಕೆಲಸ ಕಲಿಸಿಕೊಟ್ಟಳು. ಶ್ರಾವಣಕ್ಕೆ ಮೊದಲು ತೀರಿಕೊಂಡಳು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಮಣ್ಣು ಮಾಡಿ ಬಂದ ದಿನ ಸೊಸೆ ಕೇಳಿದಳು, "ಪಟ್ಟೀಲಿರೋರಿಗೆಲ್ಲ ತಿಳಿಸ್ಲಾ ಅತ್ತೆ?"

"ಬ್ಯಾಡ. ಅವರು ವಿಳಾಸ ಕೊಟ್ಟಿರೋದು ಬೀಜಕ್ಕೆ."

ಕಾರ್ತೀಕದಲ್ಲಿ ಬೀಜ ಒಣಗಿಸಿ ಮೇಲ್ ಬರೆಸಿದೆ. ಈ ವರ್ಷ ಕಾಯಿ ಚೆನ್ನಾಗಿ ಬಂದಿದೆ, ಬೇಕಾದವರು ತಿಳಿಸಿ. ಅಷ್ಟೇ ಬರೆಸಿದೆ. ಅವಳಿದ್ದಿದ್ದರೂ ಅದಕ್ಕಿಂತ ಒಂದು ಸಾಲು ಹೆಚ್ಚಿಗೆ ಬಿಡುತ್ತಿರಲಿಲ್ಲ.