ಅತ್ತೆ ಬಿಟ್ಟುಕೊಟ್ಟ ಬಿಸಿರೊಟ್ಟಿ

ಅತ್ತೆ ಜಾರಿಬಿದ್ದು ಟೊಂಕದ ಎಲುಬಿಗೆ ಆಪರೇಷನ್ ಆದ ವರ್ಷ ನನಗೆ ನನ್ನ ಮೈಯ ಮೇಲೆಯೇ ಸಿಟ್ಟು ಬಂದಿತ್ತು. ಅವರನ್ನು ಮಂಚದಿಂದ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವಷ್ಟರಲ್ಲಿ ನನ್ನ ನಡು ಹಿಡಿದುಕೊಳ್ಳುತ್ತಿತ್ತು. ಮಗನ ಕೈ ಹಿಡಿದು ಬಚ್ಚಲಿಗೆ ಹೋಗಲು ಅತ್ತೆಗೆ ಸಂಕೋಚ. ಎದ್ದು ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಬೈಲಹೊಂಗಲದ ಡಾಕ್ಟರು ಬೇರೆ ಹೆದರಿಸಿದ್ದರು.

ವ್ಯಾಯಾಮ ಹೇಳಿಕೊಡಲು ಮನೆಗೆ ಬಂದ ಫಿಸಿಯೋಥೆರಪಿ ಹುಡುಗಿ ಅತ್ತೆಯನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದಳು. "ಮೊದಲ ನೀವು ಗಟ್ಟಿ ಆಗ್ರಿ ಅಕ್ಕಾರ. ವಾರದಾಗ ಮೂರು ದಿನ ಸಾಕು. ತಾಸುಗಟ್ಲೆ ಏನೂ ಬ್ಯಾಡ."

ಸ್ಟೂಲಿನ ಮೇಲೆ ಕುಳಿತು ಏಳುವುದು, ಜೋಳದ ಚೀಲವನ್ನು ಎದೆಗವಚಿಕೊಂಡು ಎತ್ತಿ ಇಳಿಸುವುದು, ಅವಳು ಹೇಳಿಕೊಟ್ಟದ್ದು ಇಷ್ಟೇ. ನಾನೋ, ಒಂದೇ ದಿನಕ್ಕೆ ಪೈಲ್ವಾನಳಾಗಲು ಹೊರಟು ದೊಡ್ಡ ಚೀಲಕ್ಕೇ ಕೈ ಹಾಕಿದೆ. ಮರುದಿನ ಮೈಯೆಲ್ಲ ಹಿಡಿದುಕೊಂಡು, ಆಫೀಸಿಗೆ ಹೋಗುವ ಸವದತ್ತಿ ಬಸ್ಸಿಗೆ ಕಂಡಕ್ಟರು ನನ್ನ ರಟ್ಟೆ ಹಿಡಿದು ಹತ್ತಿಸಬೇಕಾಯಿತು. ಆಮೇಲೆ ಬುದ್ಧಿ ಬಂದು ಸಣ್ಣ ಚೀಲ ಹೊಲಿದುಕೊಂಡೆ.

ಆದರೆ ಹೊತ್ತೆಲ್ಲಿತ್ತು? ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಸವದತ್ತಿಯ ಆಫೀಸಿಗೆ ಹೊರಡುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಬಿಸಿರೊಟ್ಟಿ ಇಲ್ಲದ ಊಟ ಊಟವೇ ಅಲ್ಲ. ಆ ಕಟ್ಟಳೆ ಮಾಡಿದವರೇ ಅತ್ತೆ. ಒಂದು ಮುಂಜಾನೆ ಅವರೇ ಮಂಚದ ಮೇಲಿಂದ ಮಗನಿಗೂ ಕೇಳುವಂತೆ ಕೂಗಿದರು: "ಇನ್ನ ಮ್ಯಾಲೆ ಐತವಾರಕ್ಕೊಮ್ಮೆ ಕಟಕರೊಟ್ಟಿ ಮಾಡಿ ಇಟ್ಟಬಿಡು. ಬಿಸಿರೊಟ್ಟಿ ಬೇಕಂದವರು ತಾವ ಬಡಕೊಳ್ಳಲಿ!"

ಗಂಡ ಮುಖ ಹುಳ್ಳಗೆ ಮಾಡಿಕೊಂಡರು. ರೊಟ್ಟಿ ಬಡಿಯಲಿಲ್ಲ, ವಾರಗಟ್ಟಲೆ ಕೆಡದಂತೆ ಒಣಗಿಸಿಟ್ಟ ಗಟ್ಟಿ ಕಟಕರೊಟ್ಟಿಯನ್ನೇ ಮುರಿದು ತಿಂದು ತಮ್ಮ ಅಂಗಡಿಗೆ ಹೋದರು. ಹಲ್ಲಿಲ್ಲದ ಅತ್ತೆ ಮಾತ್ರ ಅದನ್ನು ಮಜ್ಜಿಗೆಯಲ್ಲಿ ನೆನೆಸಿ, ಒಮ್ಮೆಯೂ ಗೊಣಗದೆ ತಿಂದರು. ಅದನ್ನು ನೆನಪಿಸಿಕೊಂಡರೆ ಈಗಲೂ ಅವರಿಗೆ ಕೈ ಮುಗಿಯಬೇಕೆನ್ನಿಸುತ್ತದೆ. ರೊಟ್ಟಿ ಬಡಿಯುವುದು ತಪ್ಪಿ ಉಳಿದ ಹೊತ್ತಿನಲ್ಲಿ ನಾನು ಅವರ ಮಂಚದ ಪಕ್ಕದಲ್ಲೇ ಚೀಲ ಎತ್ತುತ್ತಿದ್ದೆ.

"ಸಾವಕಾಶ ಮಾಡು, ಚೀಲೇನ ಓಡಿ ಹೋಗಂಗಿಲ್ಲ" ಎಂದು ಅತ್ತೆ ಛೇಡಿಸುತ್ತಿದ್ದರು. ಆಫೀಸಿನಲ್ಲಿ ಕೆಲಸ ಮೈಮೇಲೆ ಬಿದ್ದ ವಾರ ವ್ಯಾಯಾಮವೆಲ್ಲ ತಪ್ಪುತ್ತಿತ್ತು. ಅದಕ್ಕೆ ಅಳುತ್ತಾ ಕೂರದೆ ಮುಂದಿನ ವಾರ ಮತ್ತೆ ಹಿಡಿಯುತ್ತಿದ್ದೆ.

ಬೇಸಿಗೆಯ ಒಂದು ಸಂಜೆ ಅವರನ್ನು ಎಬ್ಬಿಸಿ, ಸೊಂಟ ಬಳಸಿ ಹಿಡಿದು, ಬಾಗಿಲಾಚೆಯ ಕಟ್ಟೆಯವರೆಗೂ ನಡೆಸಿದೆ. ನನ್ನ ನಡು ಚಕಾರವೆತ್ತಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಅತ್ತೀರಿ, ನಿಮ್ಮನ್ನ ಎತ್ತೂವಷ್ಟು ಶಕ್ತಿ ಬಂತ ನೋಡ್ರಿ" ಎಂದೆ.

ಅತ್ತೆ ಕಟ್ಟೆಯ ಮೇಲೆ ಕುಳಿತು, ನನ್ನ ರಟ್ಟೆಯನ್ನು ಹಿಚುಕಿ ನೋಡಿದರು.

"ನೀ ನನ್ನ ಎತ್ತಲಿ ಅಂತ ನಾ ಕಟಕರೊಟ್ಟಿ ತಿಂದೆ ಅಂತ ತಿಳದಿಯೇನು? ನಾಳೆ ವಯಸ್ಸಾದ ಮ್ಯಾಲೆ ನಿನ್ನ ಯಾರರ ಎತ್ತೂ ಹಂಗ ಆಗಬಾರದವಾ."