ಮಾವಳ್ಳಿಯಲ್ಲಿ ಬಡ್ಡಿಯಿಲ್ಲದ ಆಟೋ

ಬಾಡಿಗೆ ಮನೆ ಕೇಳಲು ಹೋದ ದಿನ ಮಾವಳ್ಳಿಯ ನಾಗರಾಜಯ್ಯನವರ ಜೊತೆ ಬಹಳ ಹೊತ್ತು ಕನ್ನಡದಲ್ಲೇ ಮಾತಾಡಿದೆ. ಎಲ್ಲ ಕೇಳಿಸಿಕೊಂಡು, "ಅದ್ಸರಿ, ನಿಮ್ಗೆ ಕನ್ನಡ ಬರುತ್ತೇನಮ್ಮಾ?" ಅಂದರು.

"ಮತ್ತ ಇಷ್ಟೊತ್ತು ಏನ್ ಮಾತಾಡ್ಲಕತ್ತೀನ್ರಿ?" ಅಂದೆ.

ಅವರಿಗೆ ನಗು ಬಂತು, ನಮಗೆ ಮನೆ ಸಿಕ್ಕಿತು. ಬೀದರಿನ ಬಂಧುಗಳೇ, ನಮ್ಮ ಕನ್ನಡ ಇಲ್ಲಿ ಬೇರೆ ದೇಶದ್ದು.

ಇಲ್ಲಿ ಹುಳಿಗೆ ಬೆಲ್ಲ ಹಾಕುತ್ತಾರೆ. ನಮಗೆ ದಿನದ ಊಟವಾದ ಜೋಳದ ರೊಟ್ಟಿಗೆ ಹೋಟೆಲು ಹುಡುಕಿಕೊಂಡು ಹೋಗುತ್ತಾರೆ. ಇದಕ್ಕೆಲ್ಲ ಒಗ್ಗಿಕೊಂಡೆವು. ಆದರೆ ನಮ್ಮ ಮನೆಯವರು ಇಸ್ಮಾಯಿಲ್ ಓಡಿಸುತ್ತಿದ್ದುದು ಬಾಡಿಗೆ ಆಟೋ. ಮಾಲೀಕ ಅದನ್ನು ಮಾರಲು ಹೊರಟಾಗ, ಸ್ವಂತದ್ದು ಆಗದಿದ್ದರೆ ಗಂಟುಮೂಟೆ ಕಟ್ಟಬೇಕಾಗಿತ್ತು. ಬ್ಯಾಂಕಿನ ಸಾಲಕ್ಕೆ ಬಡ್ಡಿ. ಬಡ್ಡಿ ನಮಗೆ ಹರಾಮು.

ಚಾಮರಾಜಪೇಟೆಯ ಸಣ್ಣ ಸೊಸೈಟಿಯೊಂದರಲ್ಲಿ ಮುರಾಬಹಾ ಇದೆ ಎಂದು ಯಾರೋ ಹೇಳಿದರು. ಅಂದರೆ ಅವರೇ ಸಾಮಾನು ಕೊಂಡು, ತಮ್ಮ ಲಾಭ ಎಷ್ಟೆಂದು ಬಾಯಿಬಿಟ್ಟು ಹೇಳಿ, ಕಂತಿನ ಮೇಲೆ ನಮಗೆ ಮಾರುತ್ತಾರೆ. ನಾವು ಅಗ್ಗದ ಹಳೆಯ ಆಟೋ ಕೇಳಿದೆವು. ಸೊಸೈಟಿಯ ಯೂಸುಫ್ ಸಾಹೇಬರು ಒಪ್ಪಲಿಲ್ಲ.

"ಒಂದಿನ ಆದ್ರೂ ಗಾಡಿ ನಮ್ದಾಗಿರುತ್ತೆ. ಅದ್ರ ಹೊಗೆನೂ ನಮ್ದೇ ಅಲ್ವಾ? ಕರೆಂಟ್ ಆಟೋ ಆದ್ರೆ ಕೊಡಿಸ್ತೀವಿ."

ಹೊಳೆಯ ದಂಡೆಯಲ್ಲಿ ಕೂತಿದ್ದರೂ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂಗೆ ನೀರು ಪೋಲು ಮಾಡಬೇಡ ಎಂದು ನನ್ನಜ್ಜ ಹೇಳುತ್ತಿದ್ದರು. ಅದು ನೆನಪಿದ್ದರೂ ಸಿಟ್ಟು ಬಂತು. ಕಾರುಗಳು ಹೊಗೆ ಉಗುಳುವ ಊರಿನಲ್ಲಿ ಧರ್ಮ ನಮ್ಮಂಥವರಿಗೇ ಮೊದಲು ನೆನಪಾಗಬೇಕೆ?

ಬೇರೆ ದಾರಿಯಿಲ್ಲದೆ ಕರೆಂಟ್ ಆಟೋಗೆ ಒಪ್ಪಿದೆವು. ಚಾರ್ಜ್ ಮಾಡಲು ಮನೆ ಮುಂದೆ ಪ್ಲಗ್ ಬೇಕು, ಅದಕ್ಕೆ ನಾಗರಾಜಯ್ಯನವರು ಒಪ್ಪಬೇಕು. ಅವರು ಬ್ಯಾಂಕಿನಲ್ಲೇ ತಲೆ ನರೆಸಿಕೊಂಡವರು. "ಬಡ್ಡಿಗೇ ಲಾಭ ಅಂತ ಹೆಸರಿಟ್ಟಿದಾರೆ, ಅಷ್ಟೇ. ನಾನೇ ಬಂದು ನೋಡ್ತೀನಿ, ಆಮೇಲೆ ಪ್ಲಗ್ ಮಾತು" ಎಂದರು.

ಗಾಡಿ ಕೊಳ್ಳುವ ದಿನ ಅವರನ್ನೂ ಕರೆದುಕೊಂಡು ಹೋದೆವು. ಸೊಸೈಟಿಯ ಅಂಗಳದಲ್ಲಿ ಹೊಸ ಆಟೋ ನಿಂತಿತ್ತು. ಹಿಂದಿನ ರಾತ್ರಿಯ ಗಾಳಿಗೆ ಮರದ ಕೊಂಬೆ ಬಿದ್ದು ಅದರ ಮುಂದಿನ ಗಾಜು ಪುಡಿಯಾಗಿತ್ತು.

"ಇದ್ರ ಖರ್ಚು ಯಾರ್ ತಲೆ ಮೇಲೆ?" ನಾಗರಾಜಯ್ಯ ಕೇಳಿಯೇಬಿಟ್ಟರು.

"ನಮ್ದೇ ಸಾರ್. ಇನ್ನೂ ಮಾರಿಲ್ವಲ್ಲ. ಇವ್ರಿಗೆ ಹೇಳಿದ್ದ ರೇಟೇ," ಎಂದರು ಯೂಸುಫ್ ಸಾಹೇಬರು.

ವಾಪಸು ಬರುವಾಗ ಲಾಲ್‌ಬಾಗಿನ ಹತ್ತಿರ ನಾಗರಾಜಯ್ಯ, "ನಮ್ ಬ್ಯಾಂಕಾಗಿದ್ರೆ ಗಾಜೂ ನಿಮ್ದೇ, ಕಂತೂ ನಿಮ್ದೇ" ಎಂದರು. ಮರುದಿನ ಎಲೆಕ್ಟ್ರಿಷಿಯನ್ನನ್ನು ಅವರೇ ಕರೆಸಿದರು.

ಈಗ ಇಸ್ಮಾಯಿಲ್ ಸದ್ದಿಲ್ಲದ ಗಾಡಿಯಲ್ಲಿ ಬಸವನಗುಡಿ ಸುತ್ತುತ್ತಾರೆ. ನನಗೆ ಹೆಮ್ಮೆಯಿದೆ, ಸುಳ್ಳೇಕೆ ಹೇಳಲಿ. ಆದರೆ ಗಾಡಿ ಸಿಗದಿದ್ದರೆ ಊರಿಗೆ ಮರಳುತ್ತಿದ್ದೆವು. ಸಿಕ್ಕಿದ್ದರಿಂದ ಇನ್ನು ಮರಳುವುದಿಲ್ಲ. ಪರ್ಮಿಟ್ಟೂ ಈ ಊರಿನದೇ, ಬೀದರಿನಲ್ಲಿ ಓಡಿಸುವಂತಿಲ್ಲ. ಫೋನಿನಲ್ಲಿ ಅಮ್ಮಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಈದ್‌ಗೆ ಬರುತ್ತೇವೆ ಎಂದಷ್ಟೇ ಹೇಳಿದೆ.

ಅಮ್ಮಿ ಕೇಳಿದರು: "ನೆಂಟರ ಹಂಗ?"