ಮಾತು ಕಡಿಯುತ್ತಿದ್ದ ಮೂಲೆ

ಅಮೆರಿಕದ ಓಕ್ಲ್ಯಾಂಡಿನ ಆ ಬೀದಿಯ ಮೂಲೆಯಲ್ಲಿ ಈಗ ಯಾರ ಫೋನೂ ಕಟ್ಟಾಗುವುದಿಲ್ಲ. ಅದನ್ನು ಸರಿಮಾಡಿದವಳು ನಾನೇ. ಆದರೂ ಅಲ್ಲಿ ಹಾದುಹೋಗುವಾಗ, ಕಟ್ಟಾಗುತ್ತಿದ್ದ ದಿನಗಳೇ ಚೆನ್ನಾಗಿದ್ದವು ಅನ್ನಿಸುತ್ತದೆ.

ಆ ವರ್ಷ ಅವ್ವ ಧಾರವಾಡದಿಂದ, ಅಲ್ಲೇ ಹತ್ತಿರದ ಯೂನಿಯನ್ ಸಿಟಿಯ ನನ್ನ ಅಪಾರ್ಟ್‌ಮೆಂಟಿಗೆ ಆರು ತಿಂಗಳಿಗೆಂದು ಬಂದಿದ್ದಳು. ಎರಡೇ ತಿಂಗಳಿಗೆ ಬೇಸತ್ತಳು. “ನೀ ಆಫೀಸಿಗೆ ಹೋದ್ರ ಮಾತಾಡಾಕ ಒಂದು ನರಪಿಳ್ಳೆ ಇಲ್ಲವಾ ಇಲ್ಲಿ. ಟಿಕೆಟ್ ಮಾಡಿಸಿಬಿಡು,” ಎಂದು ದಿನಾ ರಾಗ ಎಳೆಯುವಳು. ನನಗೋ ಅವಳು ಹೋಗುವುದು ಬೇಡ. ಹಾಸ್ಟೆಲ್ ಸೇರಿದ ಮೇಲೆ ಅವಳ ಜೊತೆ ಇಷ್ಟು ದಿನ ಒಂದೇ ಸೂರಿನಡಿ ಇದ್ದದ್ದೇ ಇಲ್ಲ.

ಅದಕ್ಕೇ ಅವಳಿಗೊಂದು ಕೆಲಸ ಹಚ್ಚಿದೆ. ನಮ್ಮ ಕಂಪನಿಯವರು ಆ ಬೀದಿಯ ದೀಪದ ಕಂಬಗಳಿಗೆ ಮೊಬೈಲ್ ಸಿಗ್ನಲ್ಲಿನ ಪುಟ್ಟ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಕೂರಿಸಿದ್ದರು. ಒಂದರ ಸಿಗ್ನಲ್ ಇನ್ನೊಂದರ ಮೇಲೆ ಬಿದ್ದು, ಮೂಲೆಗೆ ಬಂದಕೂಡಲೇ ಕಾಲ್ ಸಾಯುತ್ತಿತ್ತು. ಪೆಟ್ಟಿಗೆಗಳ ಪವರ್ ಹೆಚ್ಚುಕಡಿಮೆ ಮಾಡಿಸಿ, ಫೋನಿನಲ್ಲಿ ಮಾತು ಕೇಳುತ್ತಾ ನಡೆದು ನೋಡುವುದು ನನ್ನ ಪಾಲಿಗೆ ಬಂದಿತ್ತು. ಎಡೆಬಿಡದೆ ಮಾತಾಡುವವರು ಬೇಕು. ಅದಕ್ಕೆ ಅವ್ವನಿಗಿಂತ ಯಾರು!

ನಾನು ಬೀದಿಯಿಂದ ಫೋನ್ ಹಚ್ಚಿ, ಮನೆಯಲ್ಲಿ ಕೂತ ಅವಳು ಶುರುಮಾಡಿದರೆ ಮುಗಿಯಿತು: ಹಿಂದಿನ ಓಣಿಯವಳ ಸೊಸೆ, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು, ನಾನು ಹುಟ್ಟುವ ಮುಂಚೆ ಅಪ್ಪನ ಜೊತೆ ಜಗಳಾಡಿ ತವರಿನ ಬಸ್ಸು ಹತ್ತಿದ್ದು. ಬಸ್ಸು ಹತ್ತಿದಳೋ ಇಲ್ಲವೋ, ಮೂಲೆ ಬಂತು, ಕಾಲ್ ಕಟ್! ತಿರುಗಿ ಹಚ್ಚಿದರೆ ಬೈಗುಳ. “ನಿಮ್ಮ ಕಂಪನಿಗಿಷ್ಟು ಬೆಂಕಿ ಹಚ್ಚ! ಛಲೋ ಹೊತ್ತಿನಾಗ ಕಡೀತೈತಿ. ಎಲ್ಲಿತನಕ ಹೇಳಿದ್ನೇ?” ಬೀದಿಯಲ್ಲಿ ನಾನು ಒಬ್ಬಳೇ ನಗುತ್ತಿದ್ದೆ. ಟಿಕೆಟ್ಟಿನ ಸುದ್ದಿಯೇ ನಿಂತುಹೋಯಿತು. ಎಂಥ ಸುಖದ ದಿನಗಳವು!

ಮ್ಯಾನೇಜರು ಪವರ್ ಏರಿಸಿ ಎನ್ನುತ್ತಿದ್ದ. ಏರಿಸಿದಷ್ಟೂ ಕೆಟ್ಟಿತು. ಕಡೆಗೆ ನಾನು ಹಟಹಿಡಿದು ಎರಡು ಪೆಟ್ಟಿಗೆಗಳ ಪವರ್ ತಗ್ಗಿಸಿ, ಒಂದು ಸುಮ್ಮನಿದ್ದಾಗ ಇನ್ನೊಂದು ಮಾತಾಡುವಂತೆ ಸರದಿ ಹಾಕಿಸಿದೆ. ಮರುದಿನ ಮೂಲೆ ದಾಟಿದೆ. ಕತೆಯಲ್ಲಿ ಬಸ್ಸು ಹತ್ತಿದ ಅವ್ವ ಆರಾಮಾಗಿ ತವರು ಮುಟ್ಟಿದಳು.

“ಕಡೀಲೇ ಇಲ್ಲಲ್ಲ! ಸರಿ ಆತೇನು?” ಎಂದಳು.

“ಆತವ್ವಾ!” ಎಂದು ಅಲ್ಲೇ ಕುಣಿದೆ.

“ಹಂಗಾರ ನನ್ನ ಕೆಲಸ ಮುಗೀತಲ್ಲ. ಇನ್ನರ ಟಿಕೆಟ್ ಮಾಡಿಸವಾ.”

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿತು. ಕೇಳಿಸಲಿಲ್ಲವ್ವಾ ಎನ್ನೋಣವೆಂದರೆ, ಆ ನೆಪವನ್ನೂ ನಾನೇ ರಿಪೇರಿ ಮಾಡಿಬಿಟ್ಟಿದ್ದೆ.